ಕಿಡಕಿಯಿಲ್ಲದ ಮನೆಯಲ್ಲಿ ಕೇಳಿದ ಮಾತು

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತೆನೋ, ಎಷ್ಟು ಸಲ ಎದ್ದೆನೋ. ಹೆಂಡತಿ ಇದ್ದಾಗ ಅವಳಿಗಾದರೂ ಹೇಳಬೇಕೆಂದುಕೊಂಡಿದ್ದೆ, ಹೇಳಲಿಲ್ಲ. ಈಗ ವಯಸ್ಸಾಯಿತು. ಇನ್ನೂ ಮುಂದೂಡಿದರೆ ನನ್ನ ಜೊತೆಗೇ ಹೋಗುತ್ತದೆ. ಶಕುನ, ಮೈಮೇಲೆ ಬರುವುದು, ಕಾಣದ್ದನ್ನು ಹೇಳುವುದು ಇವನ್ನೆಲ್ಲ ನಾನು ನಂಬಿದವನಲ್ಲ. ಮ್ಯಾಟ್ರಿಕ್ ಪಾಸಾದ ಸೊಕ್ಕು ಬೇರೆ ಇತ್ತು. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಅದರಲ್ಲಿ ವಿಚಿತ್ರವಾದದ್ದು ಸ್ವಲ್ಪ, ನಾಚಿಕೆಗೇಡಿನದು ಹೆಚ್ಚು.

ಏಕೀಕರಣದ ಹಿಂದಿನ ವರ್ಷ. ಸ್ಪೇನ್ ದೇಶದಿಂದ ಬೆಟಗೇರಿಗೆ ಬಂದಿದ್ದ ಒಬ್ಬ ತರುಣ ಪಾದ್ರಿಗೆ ಕನ್ನಡ ಕಲಿಸುವ ಕೆಲಸ ನನಗೆ ಸಿಕ್ಕಿತ್ತು. ಅವರಿಗೆ ಇಪ್ಪತ್ತಾರು ವರ್ಷ, ನನಗೆ ಇಪ್ಪತ್ತೊಂದು. ಅವರದು ತರಬೇತಿಯ ಕಾಲ. ನಸುಕಿನಲ್ಲಿ ಎದ್ದು ಪ್ರಾರ್ಥನೆ, ಆಮೇಲೆ ಪಾಟಿ ಹಿಡಿದು ನನ್ನ ಮುಂದೆ ಮೂರು ತಾಸು, ಮಧ್ಯಾಹ್ನ ಬಿಸಿಲಲ್ಲಿ ನೇಕಾರರ ಓಣಿಯ ತುಂಬ ತಿರುಗಾಟ. ಕಲಿತ ಮಾತುಗಳನ್ನು ಅಲ್ಲಿ ಆಡಿ ನೋಡಬೇಕು. ಮಗ್ಗದ ಮುಂದೆ ಕೂತ ಹೆಂಗಸರು ಅವರನ್ನು ಕಾಡುತ್ತಿದ್ದರು. “ಸಾಯಬರ, ನಿಮ್ಮ ಮಾತು ಪುಸ್ತಕ ಓದಿದಂಗ ಐತ್ರಿ. ಹಾಳಿ ತಿರುವಿದ ಸಪ್ಪಳ ಒಂದ ಕೇಳವಲ್ದು ನೋಡ್ರಿ” ಅಂದಳು ಒಬ್ಬಾಕೆ. ಅವರೂ ನಕ್ಕರು. ಆ ಮಾತನ್ನೂ ನನ್ನಿಂದ ಬರೆಸಿಕೊಂಡು ಬಾಯಿಪಾಠ ಮಾಡಿದರು.

ಬರಿದೇ ತೆಗೆದುಕೊಳ್ಳುವುದು ತಮಗೆ ಸೇರದೆಂದು, ಸಂಜೆ ಅರ್ಧ ತಾಸು ಅವರು ನನಗೆ ಸ್ಪ್ಯಾನಿಶ್ ಕಲಿಸಿದರು. ಪಠ್ಯಪುಸ್ತಕವಿರಲಿಲ್ಲ. ಊರಿಂದ ಬರುವ ಕಾಗದಗಳೇ ಪಾಠ. ತಾಯಿಗೆ ಬರೆಯಲು ಬರುತ್ತಿರಲಿಲ್ಲ, ಅಕ್ಕ ಬರೆಯುತ್ತಿದ್ದಳು. ಕಾಗದ ಬಂದ ದಿನ ಅದನ್ನು ನನ್ನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತಿದ್ದರು. ತಪ್ಪಿದಲ್ಲಿ ತಿದ್ದುತ್ತಿದ್ದರು. ಕಣ್ಣು ಮುಚ್ಚಿ ಕೇಳುತ್ತಿದ್ದರು. ತಮ್ಮ ಮನೆಯ ಸುದ್ದಿಯನ್ನು ಹೊರಗಿನವನ ಬಾಯಿಂದ ಕೇಳುವಷ್ಟು ನನ್ನನ್ನು ನಂಬಿದ್ದರು.

ವರ್ಷದ ಕೊನೆಗೆ ಅವರಿಗೆ ಪರೀಕ್ಷೆ. ಇಬ್ಬರು ಹಿರಿಯ ಪಾದ್ರಿಗಳ ಎದುರು ಹತ್ತು ನಿಮಿಷ ಕನ್ನಡದಲ್ಲಿ ಮಾತಾಡಬೇಕು. ಅವರು ಪಾಸಾದರೆ ನನ್ನನ್ನು ಪಾದ್ರಿಗಳ ಶಾಲೆಯಲ್ಲಿ ಕಾಯಂ ಮಾಸ್ತರನನ್ನಾಗಿ ಮಾಡುವ ಮಾತಾಗಿತ್ತು. ಪರೀಕ್ಷೆಗೆ ಹನ್ನೊಂದು ದಿನ ಇರುವಾಗ ಅವರ ಕಾಗದ ತರಲು ಟಪಾಲು ಕಚೇರಿಗೆ ಹೋದೆ. ಮೊದಲೇ ಒಮ್ಮೆ ಓದಿಕೊಂಡರೆ ಸಂಜೆ ತಪ್ಪಿಲ್ಲದೆ ಓದಿ ಶಾಬಾಸ್ ಅನ್ನಿಸಿಕೊಳ್ಳಬಹುದೆಂದು ದಾರಿಯಲ್ಲೇ ಒಡೆದೆ. ಕೆಟ್ಟ ಯೋಚನೆ ಆಗ ಇರಲಿಲ್ಲ.

ಅಕ್ಕ ಬರೆದದ್ದು ನಾಲ್ಕೇ ಸಾಲು. ಅವ್ವ ಉಳಿಯುವ ಹಾಗಿಲ್ಲ. ಮಂಚವನ್ನು ಕಿಟಕಿಯ ಹತ್ತಿರ ಹಾಕಿಸಿಕೊಂಡಿದ್ದಾಳೆ, ರಸ್ತೆ ಕಾಣಬೇಕಂತೆ. ಥಂಡಿ ಇದ್ದರೂ ಕಿಟಕಿ ಮುಚ್ಚಲು ಬಿಡುವುದಿಲ್ಲ. ಕೂಡಲೇ ಹೊರಟು ಬಾ.

ಓದುತ್ತ ಎರಡು ಸಲ ನಿಂತೆ. ಇದನ್ನು ಕೊಟ್ಟರೆ ಅವರು ಅಂದೇ ಹೊರಡುತ್ತಾರೆ. ಪರೀಕ್ಷೆ ಇಲ್ಲ, ನನಗೆ ಶಾಲೆ ಇಲ್ಲ. ಹನ್ನೊಂದು ದಿನ ತಾನೇ ಅಂದುಕೊಂಡೆ. ಕಾಗದವನ್ನು ಮನೆಗೆ ಒಯ್ದು ಟ್ರಂಕಿನ ತಳಕ್ಕೆ, ಧೋತರದ ಕೆಳಗೆ ಇಟ್ಟೆ.

ಇದಾಗಿ ಐದು ದಿನಕ್ಕೆ ಅವರನ್ನು ಕೊರ್ಲಹಳ್ಳಿಗೆ ಕರೆದುಕೊಂಡು ಹೋದೆ. ಹಳ್ಳಿಯ ಮಾತು ಕಿವಿಗೆ ಬೀಳಲೆಂದು ಮೊದಲೇ ಗೊತ್ತಾಗಿದ್ದ ಪ್ರಯಾಣ. ಅಲ್ಲಿ ನನ್ನ ಸೋದರಮಾವನ ಮನೆ. ಊರ ಪಕ್ಕದ ಹೊಳೆಯ ಈಚೆ ಮುಂಬಯಿ ಸರಕಾರ, ಆಚೆ ಮೈಸೂರು ಸರಕಾರ, ಎರಡೂ ಕಡೆ ಒಂದೇ ಕನ್ನಡ ಎಂದು ತಿಳಿದು ಅವರಿಗೆ ಸೋಜಿಗ. ಮನೆಯಲ್ಲಿ ಮಾವನ ತಾಯಿ, ಅಂದರೆ ನನ್ನ ಆಯಿ ಇದ್ದಳು. ಓದು ಬರದವಳು, ಮುಂಡರಗಿ ಸಂತೆ ಬಿಟ್ಟರೆ ಬೇರೆ ಊರು ನೋಡದವಳು. ಮಾಳಿಗೆಯ ಆ ಮನೆಗೆ ಕಿಡಕಿಯೆಂಬುದೇ ಇರಲಿಲ್ಲ. ಮೇಲೊಂದು ಬೆಳಕಿಂಡಿ, ಅಷ್ಟೇ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಮರುದಿನ ನಸುಕಿನಲ್ಲಿ ಆಯಿ ಜೋಳ ಬೀಸುತ್ತ ಹಾಡುತ್ತಿದ್ದಳು. ಬೀಸುವ ಹಾಡು ಬರೆದುಕೊಳ್ಳಲು ಪಾದ್ರಿ ಎದುರಿಗೆ ಕೂತಿದ್ದರು. ನಾನು ಕಂಬಳಿ ಹೊದ್ದು ಪಕ್ಕದಲ್ಲಿದ್ದೆ. ಹಾಡು ನಡುವೆಯೇ ನಿಂತಿತು. ಕಲ್ಲು ಇನ್ನೊಂದು ಸುತ್ತು ತಿರುಗಿ ತಾನೂ ನಿಂತಿತು. ಆಯಿ ಅವರ ಮುಖ ನೋಡಿ, ನೆರೆಮನೆಯ ಸುದ್ದಿ ಹೇಳುವಷ್ಟು ಸಹಜವಾಗಿ ಅಂದಳು:

“ಯಪ್ಪಾ, ನಿಮ್ಮವ್ವ ಹೊರಸು ಕಿಡಕಿ ಬಾಜೂಕ ಹಾಕಿಸ್ಕೊಂಡಾಳ. ಥಂಡಿ ಬಡೀತೈತಿ ಅಂದ್ರೂ ಮುಚ್ಚಾಕ ಬಿಡವಲ್ಲಳು. ನೀ ಬರೂ ದಾರಿ ಕಾಣಬೇಕಂತ.”

ಕಾಗದ ಬೆಟಗೇರಿಯ ಟ್ರಂಕಿನಲ್ಲಿತ್ತು. ಅದರಲ್ಲಿದ್ದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಪಾದ್ರಿಗೆ ಆ ಮಾತಿನ ಓಟ ಹಿಡಿಯಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು: “ಮಾಸ್ತರೇ, ನನ್ನ ತಾಯಿಯ ವಿಷಯ ಏನೋ ಹೇಳಿದರು. ಏನದು?”

ಆ ಗಳಿಗೆಯಲ್ಲಿ ಹೇಳಿದ್ದರೂ ಐದು ದಿನ ಉಳಿಯುತ್ತಿತ್ತು. ನಾನು ಅಂದದ್ದು ಇಷ್ಟು: “ನಿಮ್ಮ ತಾಯಿ ಹೇಗಿದ್ದಾರೆ ಎಂದು ಕೇಳುತ್ತಿದ್ದಾಳೆ.”

ಅವರ ಮುಖ ಅರಳಿತು. ಆಯಿಗೆ ಕೈಮುಗಿದು, ನಾನೇ ಕಲಿಸಿದ ಶುದ್ಧ ಕನ್ನಡದಲ್ಲಿ, “ನನ್ನ ತಾಯಿ ಕ್ಷೇಮವಾಗಿದ್ದಾರೆ, ಅಜ್ಜಿ. ಕೇಳಿದ್ದಕ್ಕೆ ಬಹಳ ಸಂತೋಷ” ಅಂದರು.

ಆಯಿ ನನ್ನನ್ನು ನೋಡಿದಳು. “ಏ ಮಾಸ್ತರ, ಏನ್ ಹೇಳಿದ್ಯೋ ಅವರಿಗೆ? ಖರೆ ಹೇಳಿದ್ಯೋ ಇಲ್ಲೋ?”

“ನೀ ಬೀಸು ಸುಮ್ನ. ನಿನಗ ಅರಳುಮರಳು” ಅಂದೆ. ಅವಳು ಒಂದು ಹಿಡಿ ಜೋಳ ಹಾಕಿ ಕಲ್ಲು ತಿರುಗಿಸಿದಳು. ಹಾಡಲಿಲ್ಲ.

ಪರೀಕ್ಷೆಯಲ್ಲಿ ಪಾದ್ರಿ ಚೆನ್ನಾಗಿ ಮಾತಾಡಿದರು. ವಿಷಯ ಅವರೇ ಆರಿಸಿಕೊಂಡದ್ದು: ಸಾವಿರಾರು ಮೈಲಿ ದೂರದ ತಮ್ಮ ತಾಯಿಯನ್ನು ವಿಚಾರಿಸಿದ ಕೊರ್ಲಹಳ್ಳಿಯ ಅಜ್ಜಿ. ಹಿರಿಯರಿಬ್ಬರೂ ಎದ್ದು ಬಂದು ನನ್ನ ಕೈ ಕುಲುಕಿದರು. ಆ ಸಂಜೆಯೇ, ಅಂಟು ಹಚ್ಚಿ ಮುಚ್ಚಿದ ಕಾಗದವನ್ನು ಅವರಿಗೆ ಕೊಟ್ಟು, “ಈಗ ಬಂತು” ಅಂದೆ. ಅವತ್ತು ಅವರು ನನ್ನಿಂದ ಓದಿಸಲಿಲ್ಲ. ಓದಿ ಮುಗಿಸಿ, ಗೋಡೆ ಹಿಡಿದು ಕೂತರು. ಬೆಳಗಿನ ಗಾಡಿಗೆ ಗದಗ ಸ್ಟೇಷನ್ನಿಗೆ ಹೋಗಿ ಕಳಿಸಿ ಬಂದೆ.

ಎರಡು ತಿಂಗಳಿಗೆ ಅವರ ಕಾಗದ ಬಂತು, ಕನ್ನಡದಲ್ಲಿ, ದುಂಡಗೆ. ತಾವು ಮುಟ್ಟುವ ಮೂರು ದಿನ ಮೊದಲು ತಾಯಿ ತೀರಿಕೊಂಡರೆಂದೂ, ಕಿಟಕಿ ಇನ್ನೂ ತೆರೆದೇ ಇತ್ತೆಂದೂ ಬರೆದಿದ್ದರು. ಟಪಾಲು ತಡವಾದದ್ದಕ್ಕೆ ಯಾರನ್ನೂ ದೂರಿರಲಿಲ್ಲ. ಕೊನೆಗೆ ಒಂದು ಸಾಲು: “ನಿಮ್ಮ ಆಯಿ ವಿಚಾರಿಸಿದ್ದರಲ್ಲ, ಅವರಿಗೆ ದಯವಿಟ್ಟು ತಿಳಿಸಿ.”

ಮುಂದಿನ ಸಲ ಕೊರ್ಲಹಳ್ಳಿಗೆ ಹೋದಾಗ ಆಯಿಗೆ ಅದನ್ನು ತಿಳಿಸಲಿಲ್ಲ. ಅವತ್ತು ಆ ಮಾತು ಹೆಂಗ ಅಂದಿ ಎಂದಷ್ಟೇ ಕೇಳಿದೆ. “ಏನ್ ಅಂದ್ನೋ ಯಪ್ಪಾ? ಬೀಸೂ ಮುಂದ ಏನೇನೋ ಬಾಯಿಗೆ ಬರ್ತೈತಿ. ನನಗ ನೆನಪಿಲ್ಲ” ಅಂದಳು. ನಿಜವಾಗಿ ಮರೆತಿದ್ದಳೋ, ನನ್ನ ಮಾನ ಉಳಿಸಿದಳೋ ಗೊತ್ತಿಲ್ಲ. ಮುಚ್ಚಿಟ್ಟ ಕಾಗದ ಓದು ಬರದ ಮುದುಕಿಯ ಬಾಯಿಗೆ ಹೇಗೆ ಬಂತೆಂಬುದು ನನಗೆ ಇಂದಿಗೂ ತಿಳಿದಿಲ್ಲ.

ಅದೇ ಶಾಲೆಯಲ್ಲಿ ಮೂವತ್ತೈದು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದೆ. ಪಾದ್ರಿ ಮತ್ತೆ ನಮ್ಮ ಕಡೆ ಬರಲಿಲ್ಲ. ಅವರ ಕಾಗದಕ್ಕೆ ಉತ್ತರ ಬರೆಯಲು, ಅವರೇ ಕಲಿಸಿದ ಭಾಷೆಯಲ್ಲಿ, ಎಷ್ಟೋ ಸಲ ಹಾಳೆ ತೆಗೆದಿದ್ದೇನೆ. ಪ್ರತಿ ಸಲವೂ ಮೇಲೆ ಅವರ ಹೆಸರು ಬರೆಯುತ್ತೇನೆ: ಆಂದ್ರೆಸ್. ಅದರ ಕೆಳಗಿನ ಸಾಲು ಇವತ್ತಿಗೂ ಬಂದಿಲ್ಲ.