ನಡುವೆ ಬಿದ್ದ ಆಮೆನ್

ಕಳೆದ ವರ್ಷ ಮೆಕ್ಕೆಜೋಳದ ತೆನೆ ಮುರಿಯುವ ದಿನಗಳಲ್ಲಿ, ಒಂದು ಶುಕ್ರವಾರ ಸಂಜೆ ದೀಪ ಹಾಕಿದ ಸ್ವಲ್ಪ ಹೊತ್ತಿಗೆ, ನಾನು ಜಗಳೂರಿನಲ್ಲಿ ನನ್ನ ಅಕ್ಕನ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಎಡಭುಜ ಚೌಕಟ್ಟಿಗೆ ಆನಿಸಿತ್ತು. ನನ್ನ ಹಿಂದೆ ಒಲೆಯ ಮೇಲೆ ಹಾಲಿತ್ತು, ಮುಂದೆ ನಡುಮನೆಯಲ್ಲಿ ಕುಟುಂಬ ಪ್ರಾರ್ಥನೆ ನಡೆದಿತ್ತು. ಎಲ್ಲರೂ ಕಣ್ಣು ಮುಚ್ಚುವ ಹೊತ್ತಿನಲ್ಲಿ ನಾನು ಕಣ್ಣು ತೆರೆದಿದ್ದಕ್ಕೆ ಕಾರಣ ಆ ಹಾಲು. "ತಮ್ಮಾ, ಹಾಲಿಟ್ಟೀನಿ, ಒಂದು ಕಣ್ಣಿಟ್ಟಿರು. ದೇವ್ರು ಏನೂ ಅನ್ಕಳಲ್ಲ" ಎಂದು ಅಕ್ಕನೇ ಹೇಳಿ ಮೊಣಕಾಲೂರಿದ್ದಳು.

ಎಲ್ಲಿ ನಿಂತಿದ್ದೆ ಎಂಬುದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಭಾವನವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೀದಿಬಾಗಿಲ ಕಡೆ ಮುಖ ಮಾಡಿ ಕೂತಿದ್ದರು. ಪಾದಗಳು ಊದಿಕೊಂಡಿದ್ದರಿಂದ ಅವರಿಗೆ ನೆಲದ ಮೇಲೆ ಕೂರಲಾಗುತ್ತಿರಲಿಲ್ಲ. ನನಗೆ ಕಾಣುತ್ತಿದ್ದದ್ದು ಅವರ ಬೆನ್ನು, ತಲೆಯ ಹಿಂಭಾಗ, ಕುರ್ಚಿಯ ತೋಳಿನ ಮೇಲಿದ್ದ ಎಡಗೈ. ಅಕ್ಕ ಅವರ ಎಡಕ್ಕೆ ಚಾಪೆಯ ಮೇಲೆ ಓರೆಯಾಗಿ ಮೊಣಕಾಲೂರಿದ್ದಳು. ಅವಳ ಮುಖ ನನಗೆ ಪೂರ್ತಿ ಕಾಣುತ್ತಿತ್ತು. ಭಾವನವರ ಎದುರಿಗೆ, ಅವರ ಬೆನ್ನಿಗೆ ನನಗೆ ಮರೆಯಾಗಿ, ಅವರ ಮಗಳು, ಮಗಳ ಪಕ್ಕ ಪಾಸ್ಟರಮ್ಮ. ಆಕೆ ಊರಿನ ಕ್ರೈಸ್ತ ಸಭೆಯ ಪಾಲಕರ ಹೆಂಡತಿ, ಶುಕ್ರವಾರಗಳಲ್ಲಿ ಮನೆಮನೆಗೆ ಬಂದು ಪ್ರಾರ್ಥನೆಗೆ ಕೂರುತ್ತಿದ್ದರು. ಭಾವನವರ ಮುಖವಂತೂ ನನಗೆ ಕಾಣುತ್ತಿರಲಿಲ್ಲ.

ಭಾವನವರು ಸೊಕ್ಕೆಯವರು. ಮದುವೆಗೆ ಮುಂಚೆಯೇ ಕ್ರಿಸ್ತನ ವಿಶ್ವಾಸಕ್ಕೆ ಬಂದವರು. ಅವರ ಅಣ್ಣತಮ್ಮಂದಿರು ಇಂದಿಗೂ ಊರ ದೇವರಿಗೇ ನಡೆದುಕೊಳ್ಳುತ್ತಾರೆ. ಒಂದು ಸರ್ಕಾರಿ ಕಚೇರಿಯಲ್ಲಿ ಜವಾನರಾಗಿದ್ದರು. ಅರ್ಜಿಗಳಿಗೆ ಮೊಹರು ಹೊಡೆದು ಹೊಡೆದು ಯಾವ ಮಾತಿಗೂ ಕಚೇರಿಯ ಉಪಮೆ ಸೇರಿಸುವುದು ಅವರಿಗೆ ಅಭ್ಯಾಸ. ಮೂತ್ರಪಿಂಡ ಕೆಟ್ಟ ಮೇಲೆ ಡಯಾಲಿಸಿಸ್‌ಗೆ ದಾವಣಗೆರೆಯ ಬಸ್ಸು ಹತ್ತುತ್ತಿದ್ದರು. ಅಕ್ಕ ಜೊತೆಗಿರುತ್ತಿದ್ದಳು. ಸೂಜಿ ಚುಚ್ಚುವುದಕ್ಕೆಂದು ಎಡಮುಂಗೈಯಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದರು. ಅಲ್ಲಿ ಬೆರಳಿಟ್ಟರೆ ಒಳಗೆ ಹೊಲಿಗೆಯಂತ್ರ ಓಡಿದ ಹಾಗೆ ಅದುರುತ್ತಿತ್ತು. ಆ ಅದುರು ನಿಂತರೆ ಕೂಡಲೇ ಬನ್ನಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಿಂದ, ದಿನಾ ಬೆಳಿಗ್ಗೆ ಮುಖ ತೊಳೆಯುವ ಮುಂಚೆ ಅಕ್ಕ ಅಲ್ಲಿ ಎರಡು ಬೆರಳಿಟ್ಟು ನೋಡುತ್ತಿದ್ದಳು. "ಓಡ್ತೈತೆ, ಸ್ತೋತ್ರ" ಎನ್ನುತ್ತಿದ್ದಳು. "ಹಾಜರಿ ಹಾಕ್ಕಂಡ್ಯಾ?" ಎನ್ನುತ್ತಿದ್ದರು ಭಾವ.

ನಮ್ಮ ಸಭೆಗಳಲ್ಲಿ ಹೊಸ ವರ್ಷದ ಬೆಳಿಗ್ಗೆ ಒಂದು ರೂಢಿಯಿದೆ. ಸ್ಟೀಲ್ ತಟ್ಟೆಯಲ್ಲಿ ವಾಗ್ದಾನದ ಚೀಟಿಗಳನ್ನು ಹರಡಿ ಹಿಡಿಯುತ್ತಾರೆ. ಮನೆಗೊಂದರಂತೆ ಕಣ್ಣು ಮುಚ್ಚಿ ಎತ್ತಿಕೊಳ್ಳಬೇಕು. ಬಂದ ವಚನ ಆ ವರ್ಷ ಆ ಮನೆಗೆ ದೇವರು ಕೊಟ್ಟ ಮಾತು. ಕಳೆದ ವರ್ಷ ಅಕ್ಕನ ಕೈಗೆ ದೀರ್ಘಾಯುಸ್ಸಿನ ವಚನ ಬಂತು. ಅವಳು ಅಲ್ಲೇ ಮೊಣಕಾಲೂರಿ ಅತ್ತಳು. ಚೀಟಿಗೆ ಗಾಜಿನ ಕಟ್ಟು ಹಾಕಿಸಿ ಸ್ವಿಚ್ಚುಬೋರ್ಡಿನ ಮೇಲೆ ತೂಗುಹಾಕಿದಳು. ಭಾವ ಅದನ್ನು ನನಗೆ ತೋರಿಸಿ, "ಸೇವಾವಧಿ ವಿಸ್ತರಣೆ ಆದೇಶ ಬಂದೈತಪ್ಪ. ಸಾಹೇಬ್ರ ಸಹಿ ಮಾತ್ರ ಓದಾಕೆ ಆಗ್ತಿಲ್ಲ" ಅಂದರು. ಅಕ್ಕ ಗದರಿದಳು.

ಶ್ರಾವಣದ ಹೊತ್ತಿಗೆ ಒಮ್ಮೆ ಅವರ ಜೊತೆ ದಾವಣಗೆರೆಗೆ ನಾನು ಹೋಗಿದ್ದೆ. ಹೃದಯ ದಣಿದಿದೆ, ಇನ್ನು ಎಷ್ಟು ದಿನ ಎಂದು ಹೇಳಲಾಗದು, ಮನೆಯಲ್ಲಿ ಆಡಬೇಕಾದ ಮಾತೇನಾದರೂ ಇದ್ದರೆ ಆಡಿಕೊಳ್ಳಿ ಎಂದರು ವೈದ್ಯರು. ಭಾವ ಅಂದಿನಿಂದ ಆ ಮಾತಾಡುವ ಸಮಯಕ್ಕೇ ಕಾದರು. ಊಟಕ್ಕೆ ಕೂತಾಗ ಶುರು ಮಾಡಿದರೆ ಅಕ್ಕ ತಟ್ಟೆ ಎತ್ತಿಕೊಂಡು ಏಳುತ್ತಿದ್ದಳು. ಬಸ್ಸಿನಲ್ಲಿ ಶುರು ಮಾಡಿದರೆ ಕಿಟಕಿಯ ಆಚೆ ಕುರಿಮಂದೆ ತೋರಿಸುತ್ತಿದ್ದಳು. ಒಂದು ಸಲ ನನ್ನೆದುರಿಗೇ, "ನೋಡು, ನಾನಿಲ್ಲದಾಗ..." ಎಂದದ್ದೇ ತಡ, ಅವಳು ಗೋಡೆಯತ್ತ ಕೈ ಮಾಡಿದಳು.

"ದೇವ್ರು ಬರೆದು ಕೊಟ್ಟಾರೆ. ನೀವು ಅದ್ರ ಮೇಲೆ ಗೀಚಾಕೆ ಹೋಗ್ಬ್ಯಾಡ್ರಿ."

"ಗೀಚ್ತಿಲ್ಲ ಕಣೇ. ಒಂದು ಮಾತು ಹೇಳಾಕೆ..."

"ಸಂತೋಷದ ಮಾತಿದ್ರೆ ಹೇಳ್ರಿ. ಇಲ್ದಿದ್ರೆ ಮಾತ್ರೆ ನುಂಗ್ರಿ."

ನಾನು ಅಕ್ಕನನ್ನು ದೂರಲಾರೆ. ಸಂತೋಷವೆಂದರೆ ವಿಶ್ವಾಸಿಯ ಕರ್ತವ್ಯ ಎಂದೇ ನಾವು ಬೆಳೆದದ್ದು. ಹೇಗಿದ್ದೀರಿ ಎಂದು ಯಾರಾದರೂ ಕೇಳಿದರೆ ಕೃಪೆಯಿಂದ ಚೆನ್ನಾಗಿದ್ದೇವೆ ಎನ್ನಬೇಕು. ಚೆನ್ನಾಗಿಲ್ಲ ಎಂದವರ ಮನೆಗೆ ಎರಡು ವಾರ ಹೆಚ್ಚು ಪ್ರಾರ್ಥನೆ. ಇನ್ನೊಂದು ಪಾಠವೂ ನಮಗಿತ್ತು. ನ್ಯಾಮತಿಯಲ್ಲಿ ನಾವು ಚಿಕ್ಕವರಿದ್ದಾಗ, ಯಾರಾದರೂ ಪ್ರಾರ್ಥನೆ ಮಾಡುತ್ತಿರುವಾಗ ಮಾತಾಡಿದರೆ ಅವ್ವ ಕಣ್ಣು ಮುಚ್ಚಿಕೊಂಡೇ ಕೈ ಚಾಚಿ ನಮ್ಮ ತಲೆ ಹುಡುಕಿ ಕುಟ್ಟುತ್ತಿದ್ದಳು. ಪ್ರಾರ್ಥಿಸುವವರ ನಡುವೆ ಬಾಯಿ ಹಾಕಬಾರದು. ನಮ್ಮ ಮನೆಗಳಲ್ಲಿ ಒಬ್ಬ ಮನುಷ್ಯ ತಡೆಯಿಲ್ಲದೆ ಕೊನೆತನಕ ಮಾತಾಡಬಹುದಾದ ಜಾಗ ಅದೊಂದೇ. ಭಾವನವರು ಅದನ್ನು ಕಂಡುಕೊಂಡರು.

ಆ ಶುಕ್ರವಾರ ಪಾಸ್ಟರಮ್ಮನ ಪ್ರಾರ್ಥನೆ ಆದ ಮೇಲೆ ಭಾವ ಗಂಟಲು ಸರಿಮಾಡಿಕೊಂಡರು. ಅವರು ಹೇಳಿದ್ದನ್ನು ನನಗೆ ನೆನಪಿರುವಂತೆ ಬರೆಯುತ್ತೇನೆ. ಒಂದೆರಡು ಪದ ಹಿಂದೆಮುಂದೆ ಆಗಿರಬಹುದು, ಕೊನೆಯ ಮಾತು ಮಾತ್ರ ಹಾಗೆಯೇ ಇದೆ.

"ತಂದೆಯೇ, ಸ್ತೋತ್ರ. ಮಳೆ ಕೊಟ್ಟೆ, ಸ್ತೋತ್ರ. ಮಗಳಿಗೆ ಓದು ಕೊಟ್ಟೆ, ಸ್ತೋತ್ರ. ಸ್ವಾಮಿ, ಈಕೆ ನನ್ನ ಮಾತು ಕೇಳಾಕೆ ಒಪ್ತಿಲ್ಲ. ಅದಕ್ಕೇ ನಿನ್ನ ಮುಂದೆ ಹೇಳ್ತೀನಿ, ಇಲ್ಲಿ ಅಡ್ಡಬಾಯಿ ಹಾಕೋರಿಲ್ಲ. ನಾನು ಹೊರಡೋ ದಿನ ಹತ್ರ ಬಂದೈತೆ. ಹೆದ್ರಿಕೆ ಐತೆ. ಇಲ್ಲ ಅಂದ್ರೆ ನಿನ್ನ ಮುಂದೆ ಸುಳ್ಳಾಡಿದಂಗಾಗ್ತೈತೆ. ಆದ್ರೆ ಈ ಮನೇಲಿ ನಾನು ಭಾಳ ಸಂತೋಷ ಕಂಡೀನಿ, ಅದೂ ಸುಳ್ಳಲ್ಲ. ಎರಡೂ ಒಟ್ಟಿಗೇ ಐದಾವೆ, ಹೆಂಗೆ ಅಂತ ನಂಗೆ ತಿಳೀವಲ್ದು. ಈಕೆಗೆ ನಾನು ಹೇಳಬೇಕಾಗಿರೋದು ಒಂದೈತೆ..."

ಹೀಗೆನ್ನುತ್ತ ಎಡಗೈಯನ್ನು ಕುರ್ಚಿಯ ತೋಳಿನಿಂದ ಇಳಿಸಿ ಅಕ್ಕನ ಕಡೆ ಚಾಚಿದರು. ಅಂಗೈ ಮೇಲಾಗಿತ್ತು. ಅದು ಆ ಹೊಲಿಗೆಯ ಕೈ. ಅಕ್ಕ ಕಣ್ಣು ತೆರೆದಳು. ಕೈಯನ್ನು ನೋಡಿದಳು. ಅವಳ ಸೆರಗು ಆ ಕೈಗೆ ತಾಗುವಷ್ಟು ಹತ್ತಿರವಿತ್ತು. ಅವಳು ಮತ್ತೆ ಕಣ್ಣು ಮುಚ್ಚಿ, ಗಟ್ಟಿಯಾಗಿ, "ಆಮೆನ್" ಅಂದಳು.

ಆಮೆನ್ ಕೇಳಿದರೆ ಆಮೆನ್ ಎನ್ನುವುದು ನಮ್ಮ ಬಾಯಿಯ ರೂಢಿ. ಪಾಸ್ಟರಮ್ಮ ಅಂದರು, ಮಗಳು ಅಂದಳು. ನಾನೂ ಅಂದೆನೋ ಏನೋ, ನೆನಪಿಲ್ಲ. ಪ್ರಾರ್ಥನೆ ಮುಗಿದಂತಾಯಿತು. ಅದೇ ಹೊತ್ತಿಗೆ ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು. "ಒಂದು ಹಾಲು ನೋಡ್ಕಳಾಕೆ ಆಗಲ್ಲ ನಿಂಗೆ" ಎಂದು ಅಕ್ಕ ನನ್ನನ್ನು ತಳ್ಳಿಕೊಂಡು ಒಳಗೆ ಹೋದಳು. ಭಾವ ಕೈಯನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ ನಕ್ಕರು.

"ನೋಡ್ರಿ ಪಾಸ್ಟರಮ್ಮ, ಅರ್ಜಿ ಪೂರ್ತಿ ಓದಾಕೆ ಮುಂಚೇನೇ ಮೊಹರು ಬಿತ್ತು. ನಾನು ಜೀವಮಾನಪೂರ್ತಿ ಮಾಡಿದ ಕೆಲಸ ನಂಗೇ ತಿರುಗಿ ಬಂತು."

ಎಲ್ಲರೂ ನಕ್ಕೆವು. ಅಕ್ಕ ನಕ್ಕಳೋ ಇಲ್ಲವೋ ತಿಳಿಯದು, ಒಲೆಯ ಕಡೆ ತಿರುಗಿ ಬಟ್ಟೆಯಿಂದ ಹಾಲು ಒರೆಸುತ್ತಿದ್ದಳು.

ಮುಂದಿನ ವಾರ ದಾವಣಗೆರೆಯಲ್ಲಿ, ಯಂತ್ರಕ್ಕೆ ಹಾಕುವ ಮುಂಚೆ, ಅವರ ಹೃದಯ ನಿಂತಿತು. ಅಕ್ಕ ಆಗ ಕೆಳಗೆ ಇಡ್ಲಿ ಕಟ್ಟಿಸಿಕೊಳ್ಳಲು ಹೋಗಿದ್ದಳು. ಹೇಳಬೇಕಾಗಿದ್ದ ಆ ಒಂದನ್ನು ಅವರು ನಡುವೆ ಮತ್ತೆ ಎತ್ತಲಿಲ್ಲವಂತೆ.

ಮಣ್ಣು ಮಾಡುವ ದಿನ ಸಭೆಯವರು ಬಂದು ಅಳಬೇಡಿ, ಅವರು ಮಹಿಮೆಗೆ ಸೇರಿದ್ದಾರೆ, ಇದು ಸಂತೋಷದ ದಿನ ಎಂದರು. ಅಕ್ಕ ಹೌದು ಹೌದು ಎಂದು ತಲೆಯಾಡಿಸಿದಳು. ಸೊಕ್ಕೆಯಿಂದ ಬಂದಿದ್ದ ಭಾವನ ಅಣ್ಣ ಮಾತ್ರ ಕಂಬ ಹಿಡಿದು ಬಾಯಿಬಿಟ್ಟು ಅತ್ತರು. ಆ ಮನೆಯಲ್ಲಿ ಅಂದು ಸರಿಯಾದ ಕೆಲಸ ಮಾಡಿದವರು ಅವರೊಬ್ಬರೇ ಎಂದು ನನಗನ್ನಿಸಿತು. ನಾನೂ ಅಳಲಿಲ್ಲ.

ಈ ಹೊಸ ವರ್ಷದ ಬೆಳಿಗ್ಗೆ ಅಕ್ಕ ವಾಗ್ದಾನದ ತಟ್ಟೆಯ ಮುಂದೆ ಹೋಗಲಿಲ್ಲ ಎಂದು ತಿಳಿದು, ಸಂಕ್ರಾಂತಿಯ ರಜೆಯಲ್ಲಿ ನಾನು ಹೊನ್ನಾಳಿಯಿಂದ ಜಗಳೂರಿಗೆ ಹೋದೆ. ಅವಳು ಶೇಂಗಾ ಬಿಡಿಸುತ್ತ ಕೂತಿದ್ದಳು. ತಲೆ ಎತ್ತದೆ ಕೇಳಿದಳು.

"ಆವತ್ತು ನೀನು ಹಾಲು ನೋಡ್ತಿರ್ಲಿಲ್ಲ, ಅಲ್ವಾ?"

"ಇಲ್ಲಕ್ಕ."

"ಅವ್ರು ಕೈ ಚಾಚಿದ್ದು ಕಂಡ್ಯಾ? ನಾನು ನೋಡಿದ್ದು?"

"ಕಂಡೆ."

ಸಿಪ್ಪೆಯನ್ನು ಮೊರದಿಂದ ಪಕ್ಕಕ್ಕೆ ಸರಿಸಿದಳು. "ಹಂಗಾದ್ರೆ ಇದೊಂದು ಹೇಳು. ಅವ್ರ ಕಣ್ಣು ಮುಚ್ಚಿತ್ತಾ, ಬಿಟ್ಟಿತ್ತಾ? ಮುಚ್ಚಿದ್ರೆ, ನಾನು ಕೈ ನೋಡೇ ಇಲ್ಲ ಅಂತ ಅನ್ಕಂಡು ಹೋಗಿರ್ತಾರೆ. ನಂಗೆ ಅಷ್ಟು ಗೊತ್ತಾದ್ರೆ ಸಾಕು."

ನನಗೆ ಅವರ ಬೆನ್ನು ಮಾತ್ರ ಕಂಡಿತ್ತು. ಮುಚ್ಚಿತ್ತು ಎನ್ನಬಹುದಿತ್ತು, ಬಾಯಿ ಬರಲಿಲ್ಲ. ನನಗೆ ಕಾಣಲಿಲ್ಲ ಎಂದೆ. ಅವಳು ಮತ್ತೆ ಶೇಂಗಾಕ್ಕೆ ಕೈ ಹಾಕಿದಳು. ಬೀಜ ಯಾವುದು ಸಿಪ್ಪೆ ಯಾವುದು ಎಂಬ ಗಮನವಿಲ್ಲದೆ ಎರಡನ್ನೂ ಒಂದೇ ಕಡೆ ಹಾಕುತ್ತಿದ್ದಳು.

ಪಾಸ್ಟರಮ್ಮನವರ ಗಂಡನಿಗೆ ಹೊಸ ವರ್ಷ ಕಳೆದ ಕೂಡಲೇ ಚನ್ನಗಿರಿಗೆ ವರ್ಗವಾಗಿತ್ತು. ಅಲ್ಲಿಗೆ ಹೋಗಿ ಕೇಳಿದೆ. ಆಕೆ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದವರು ಸೌಟು ಹಿಡಿದೇ ನಿಂತರು. "ನಾನು ಪ್ರಾರ್ಥನೇಲಿ ಕಣ್ಣು ಬಿಡೋಳಲ್ಲಪ್ಪ. ಬಿಟ್ಟಿದ್ರೆ ಆಮೆನ್ ಅಂತಿದ್ನಾ? ಆ ಚೀಟಿಗಳ್ನ ಕತ್ತರಿಸೋಳು ನಾನೇ. ಈ ವರ್ಷ ತಟ್ಟೆ ಹಿಡೀವಾಗ ಒಬ್ಬೊಬ್ರ ಮುಖ ನೋಡಾಕೂ ಹೆದ್ರಿಕೆ ಆತು" ಎಂದರು. ಪ್ರಾರ್ಥನೆ ಮಾಡೋಣವೇ ಎಂದು ಕೇಳದೆ ಎಂದೂ ಯಾರನ್ನೂ ಕಳಿಸದವರು ಅಂದು ಕೇಳಲಿಲ್ಲ.

ಉಳಿದವಳು ಅಕ್ಕನ ಮಗಳು. ಅವಳು ಹೊನ್ನಾಳಿಯಲ್ಲಿ ನಮ್ಮ ಮನೆಯಲ್ಲಿದ್ದುಕೊಂಡೇ ಕಾಲೇಜಿಗೆ ಹೋಗುತ್ತಾಳೆ. ತಂದೆ ಹೋದ ಮೇಲೆ ಅವಳನ್ನು ಆ ಸಂಜೆಯ ಬಗ್ಗೆ ಕೇಳುವ ಧೈರ್ಯ ನನಗಿರಲಿಲ್ಲ. ಕೊನೆಗೊಂದು ದಿನ ಅವಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಕೇಳಿದೆ.

"ಬಿಟ್ಟಿತ್ತು ಮಾಮ" ಅಂದಳು, ಯೋಚಿಸುವ ಅಗತ್ಯವೇ ಇಲ್ಲದ ಹಾಗೆ. "ಅಪ್ಪ ಯಾವತ್ತೂ ಕಣ್ಣು ಮುಚ್ಚಿದ್ದೇ ಇಲ್ಲ. ನಾನೂ ಮುಚ್ಚಲ್ಲ. ಅಮ್ಮ ಉದ್ದುದ್ದ ಪ್ರಾರ್ಥನೆ ಮಾಡ್ತಿರ್ವಾಗ ನಾವಿಬ್ರೂ ಒಬ್ರಿಗೊಬ್ರು ಕಣ್ಣು ಹೊಡೀತಿದ್ವಿ. ಚಿಕ್ಕಂದಿನಿಂದ್ಲೂ."

"ಆವತ್ತು?"

ಅವಳು ಒದ್ದೆ ಟವೆಲ್ಲನ್ನು ಎರಡು ಸಲ ಕೊಡವಿದಳು. "ಅಮ್ಮ ಕೈ ನೋಡಿದ್ದು, ಕಣ್ಣು ಮುಚ್ಚಿದ್ದು, ಎರಡೂ ನೋಡಿದ್ರು. ಆಮೇಲೆ ನನ್ ಕಡೆ ತಿರುಗಿ ಕಣ್ಣು ಹೊಡಿಯಾಕೆ ನೋಡಿದ್ರು. ಒಂದು ಮುಚ್ಚಾಕೆ ಹೋಗಿ ಎರಡೂ ಮುಚ್ಕಂಡ್ವು. ನಾನು ಆಮೆನ್ ಅಂದೆ ಮಾಮ. ಏನ್ ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ."

ಅಮ್ಮನಿಗೆ ಹೇಳಬೇಡ ಎಂದು ಅವಳೂ ಅನ್ನಲಿಲ್ಲ, ಹೇಳೋಣ ಎಂದು ನಾನೂ ಅನ್ನಲಿಲ್ಲ. ಎರಡು ವಾರ ಹಾಗೇ ಕಳೆಯಿತು. ಒಂದು ಶುಕ್ರವಾರ ಅವಳೇ ಚೀಲ ಹಾಕಿಕೊಂಡು ಬಂದು, "ನಡಿ ಮಾಮ, ಜಗಳೂರಿಗೆ ಹೋಗಾನ" ಎಂದಳು.

ಅಕ್ಕ ಮಗಳ ಮಾತನ್ನು ನಿಂತುಕೊಂಡೇ ಕೇಳಿದಳು. ಮೊದಲು ಅವಳಿಗೆ ಸಿಟ್ಟು ಬಂತು. "ಪ್ರಾರ್ಥನೇಲಿ ಕಣ್ಣು ಬಿಟ್ಕಂಡಿರ್ತಿದ್ರಾ? ಇಷ್ಟು ವರ್ಷ? ನಾನು ಆ ಕಡೆ ಕಣ್ಣೀರು ಹಾಕ್ತಿದ್ರೆ ಅಪ್ಪ ಮಗಳು ಈ ಕಡೆ ಕಣ್ಣು ಹೊಡೀತಿದ್ರಾ?" ಎನ್ನುತ್ತ ಎನ್ನುತ್ತ ಧ್ವನಿ ಇಳಿಯಿತು. ಗೋಡೆಗೆ ಒರಗಿದಳು.

"ಹಂಗಾದ್ರೆ ನೋಡಿದ್ರು."

"ಹ್ಞೂಂ ಅಮ್ಮ."

"ನೋಡೇ ನಕ್ರು."

ಅಕ್ಕ ಆ ಮಾತನ್ನೇ ಇನ್ನೊಮ್ಮೆ ಅಂದಳು. ಅದರಲ್ಲಿ ಸಮಾಧಾನವಿತ್ತು ಎಂದು ಬರೆದರೆ ತಪ್ಪಾಗುತ್ತದೆ. ಮುಚ್ಚಿತ್ತು ಎಂಬ ಒಂದೇ ಆಸೆ ಅವಳಿಗಿತ್ತು, ಅದು ಹೋಗಿತ್ತು. ಕೈ ಹಿಡಿಯಲಿಲ್ಲವೆಂದು ತಿಳಿದೂ, ತಮ್ಮ ಮಾತು ನಿಂತೇಹೋಯಿತೆಂದು ತಿಳಿದೂ, ಅವಳು ಎಲ್ಲರ ಮುಂದೆ ತಲೆತಗ್ಗಿಸಬಾರದೆಂದು ಭಾವ ಮೊಹರಿನ ತಮಾಷೆ ಮಾಡಿದ್ದರು. ನಾನು ಅಂದು ಅದನ್ನು ಬರೀ ತಮಾಷೆ ಎಂದು ನಕ್ಕಿದ್ದೆ. ಹೆದರಿಕೆಯನ್ನು ಒಳಗಿಟ್ಟುಕೊಂಡೇ ಇನ್ನೊಬ್ಬರಿಗೆ ಜಾಗ ಬಿಟ್ಟುಕೊಡುವ ಸಂತೋಷವೊಂದಿದೆ ಎಂದು ನನಗೆ ಸಭೆಯ ಯಾವ ಉಪದೇಶದಲ್ಲೂ ಯಾರೂ ಹೇಳಿರಲಿಲ್ಲ. ಅದನ್ನು ಬಲ್ಲವರು ಹೋದ ಮೇಲೆ ತಿಳಿದು ನಮಗೇನಾಗಬೇಕು?

ಆ ಸಂಜೆ ಪ್ರಾರ್ಥನೆಗೆ ಮೂವರೇ ಕೂತೆವು. ಪ್ಲಾಸ್ಟಿಕ್ ಕುರ್ಚಿ ಅಲ್ಲೇ ಇತ್ತು. ಅಕ್ಕ ಕಣ್ಣು ಮುಚ್ಚಲಿಲ್ಲ. ಕುರ್ಚಿಯ ತೋಳನ್ನು ನೋಡುತ್ತ, "ತಂದೆಯೇ, ನಂಗೆ ಸಂತೋಷ ಇಲ್ಲ" ಅಂದಳು. ನಾವು ಕಾದೆವು. ಆಮೆನ್ ಅನ್ನದೆ ಏಳುವುದು ಹೇಗೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಕಾಲು ಜೋಮು ಹಿಡಿದ ಮೇಲೆ ಅವಳೇ, "ಏಳ್ರಿ, ಉಣ್ಣಾನ" ಎಂದಳು. ಇಂದಿಗೂ ಆ ಮನೆಯಲ್ಲಿ ಪ್ರಾರ್ಥನೆ ಹಾಗೆಯೇ ನಿಲ್ಲುತ್ತದೆ. ಅವಳು ಆಮೆನ್ ಅನ್ನುವುದಿಲ್ಲ. ಗಾಜಿನ ಕಟ್ಟು ಸ್ವಿಚ್ಚುಬೋರ್ಡಿನ ಮೇಲೆ ಹಾಗೇ ಇದೆ.

ಇದನ್ನು ಬರೆದಿಡು ಎಂದವಳು ಅಕ್ಕನೇ. "ಮುಂದೊಂದಿನ ನಾನೇ, ಕೈ ನೋಡ್ಲೇ ಇಲ್ಲ ಅಂತ ಅನ್ಕಂಡುಬಿಡ್ತೀನಿ ತಮ್ಮಾ. ಹಂಗಾಗಬಾರ್ದು" ಎಂದಳು.

ನಡುವೆ ಆಮೆನ್ ಬಿದ್ದ ಆ ಸಂಜೆ ನಡುಮನೆಯಲ್ಲಿದ್ದವರಲ್ಲಿ ಪಾಸ್ಟರಮ್ಮ ಕೇಳಿದವರು ಮಾತ್ರ, ಈಗ ಚನ್ನಗಿರಿಯಲ್ಲಿದ್ದಾರೆ. ನಾನು ಕಂಡದ್ದು ಬಾಗಿಲಿಂದ ಕಾಣುವಷ್ಟು. ಭಾವನವರ ಮುಖವನ್ನು ಕಂಡವಳು ಅವರ ಮಗಳು, ಹೊನ್ನಾಳಿಯಲ್ಲಿದ್ದಾಳೆ. ಚಾಚಿದ ಆ ಕೈಯನ್ನು ಎಲ್ಲರಿಗಿಂತ ಹತ್ತಿರದಿಂದ ಕಂಡವಳು ನನ್ನ ಅಕ್ಕ, ಜಗಳೂರಿನಲ್ಲಿ, ಬದುಕಿದ್ದಾಳೆ.