ಪಿಟೀಲಿನವರನ್ನು ಹುಡುಕಿ ಬಂದ ಮನೆಯೊಡತಿ

"ಒಬ್ನೇ ಇರ್ತೀನಿ ಅಂದ್ಬುಟ್ಟು ಇಷ್ಟೊಂದು ಜನನ ತುಂಬ್ಕಂಡಿದ್ದೀಯಲ್ಲಪ್ಪ, ಟ್ಯಾಂಕಿನ ನೀರು ಯಾರ್ಗೆ ಸಾಕಾದದು? ಇವತ್ತೇ ಖಾಲಿ ಮಾಡು" ಎನ್ನುತ್ತಾ ಮನೆಯೊಡತಿ ಜಯಮ್ಮ ಬಾಗಿಲು ಬಡಿದರು.

ತೆಗೆದೆ. ಮಳವಳ್ಳಿಯ ಆ ಬಾಡಿಗೆ ಕೋಣೆಯಲ್ಲಿದ್ದದ್ದು ನಾನು, ಒಂದು ಮಂಚ, ಕಂಪ್ಯೂಟರ್, ಎರಡು ಸ್ಪೀಕರ್. ನಾನು ವೆಲ್ಡಿಂಗ್ ಕೆಲಸದವನು, ಓದಿದ್ದು ಏಳನೇ ಕ್ಲಾಸು. ಆದರೂ ಸಿನಿಮಾ ಹಿನ್ನೆಲೆ ಸಂಗೀತದ ಸ್ವರಲಿಪಿಗಳನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ, ಓದಲು ಕಲಿತು, ಮೊದಲೇ ರೆಕಾರ್ಡಾಗಿ ಸಿಗುವ ವಾದ್ಯಗಳ ಸ್ವರಗಳನ್ನು ಒಂದೊಂದಾಗಿ ಜೋಡಿಸಿ ಇಡೀ ಆರ್ಕೆಸ್ಟ್ರಾ ಕಟ್ಟುತ್ತೇನೆ. ಸ್ನೇಹಿತರು "ಬರೀ ಮಿಷಿನ್ ಸದ್ದು ಕಣ್ಲಾ" ಎಂದಿದ್ದರಿಂದ ತಿಂಗಳುಗಟ್ಟಲೆ ತಿದ್ದಿ, ಅಂದು ಜೋರಾಗಿ ಹಾಕಿದ್ದೆ.

ಜಯಮ್ಮ ಮಂಚದ ಕೆಳಗೆ ಬಗ್ಗಿ ನೋಡಿದರು. ಬಚ್ಚಲಿಗೂ ಹೋಗಿ ಬಂದರು. "ಪಿಟೀಲು ಕುಯ್ತಿದ್ದೋರೆಲ್ಲ ಎಲ್ಲವ್ರೆ?"

ಕಂಪ್ಯೂಟರ್ ತೋರಿಸಿ ಮತ್ತೊಮ್ಮೆ ಹಾಕಿದೆ. ನಿಂತೇ ಪೂರ್ತಿ ಕೇಳಿದರು. "ಇದ್ರೊಳಗಿರೋರು ನೀರು ಖಾಲಿ ಮಾಡಾಕಿಲ್ವಲ್ಲ, ಇದ್ಕೋ ಬುಡು" ಎಂದು ಹೊರಟರು.

ಮನೆ ಬಿಡಿಸಲು ಬಂದವರು ನನ್ನ ಕೆಲಸವನ್ನು ಅಷ್ಟು ಚೆನ್ನಾಗಿ ಹೊಗಳಿದ್ದರು. ಅದು ಹೊಗಳಿಕೆಯೆಂದು ಅವರಿಗಿನ್ನೂ ತಿಳಿದಿಲ್ಲ. ತಿಳಿಸಿದರೆ ಎಲ್ಲಿ ಬಾಡಿಗೆ ಏರಿಸುತ್ತಾರೋ ಎಂದು ನಾನೂ ಸುಮ್ಮನಿದ್ದೇನೆ.