ಕಾಳು ಹಾಕುವಷ್ಟು ಹೊತ್ತು

ಬೈಲಹೊಂಗಲದ ನಮ್ಮ ಮನೆಯಲ್ಲಿ ನಾದಿನಿ ತಾನೇ ಹಾಡು ಕಟ್ಟಿ, ಗಿಟಾರ್ ನುಡಿಸುತ್ತ ಹಾಡುತ್ತಿದ್ದಳು. ಬ್ಲೂಸಿನ ನಿಧಾನದ ಅಳಲು, ಅದರ ಬೆನ್ನಿಗೇ ಹಿಪ್‌ಹಾಪಿನ ಮಾತಿನ ಓಟ. ಅವಳ ಕ್ಯಾಸೆಟ್ಟುಗಳ ಇಂಗ್ಲಿಷನ್ನು ಬಿಡಿಸಿ ಹೇಳುತ್ತಿದ್ದವಳು ಕಾನ್ವೆಂಟಿನಲ್ಲಿ ಓದಿದ ನಾನು. ಮರುದಿನ ಕಾಲೇಜಿನ ವಾರ್ಷಿಕೋತ್ಸವದ ಗ್ಯಾದರಿಂಗ್‌ನಲ್ಲಿ ಅವಳ ಹಾಡಿತ್ತು, ಅವಳಿಗೋ ಮಾತಿನ ಓಟದ ನಡುವೆ ಉಸಿರು ಸಾಲುತ್ತಿರಲಿಲ್ಲ.

"ವೈನಿ, ನಾ ಹೆಸರು ತಗಸ್ತೇನಿ," ಎಂದಳು.

ಮೆಂತ್ಯದ ಸೊಪ್ಪು ಸೋಸುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. "ಹಿಂಗ ಓಡಿದ್ರ ಕಾಳು ಯಾವಾಗ ಹಾಕ್ತೀಯವ್ವಾ?"

"ಯಾವ ಕಾಳ ಬೇ?"

"ಜ್ವಾಳಾ ಬೀಸೂಮುಂದ ನಾ ಹಾಡಿದ ಸಾಲು ನಮ್ಮ ನೆಗೆಣ್ಣಿ, ನಿಮ್ಮ ಚಿಗವ್ವ, ತಿರುಗಿ ಹಾಡಾಕಿ. ಅಷ್ಟರಾಗ ನಾ ಕಲ್ಲಿಗೆ ಕಾಳು ಹಾಕಿ, ಉಸಿರು ತಗೋತಿದ್ದೆ. ಒಬ್ಬಾಕೇ ಹಾಡಿ ಸಾಯಾಕ ಇದೇನು ಶಿಕ್ಷಾನ?"

ತಾಯಿ ಮಗಳು ಇಬ್ಬರೂ ನನ್ನನ್ನು ನೋಡಿದರು. ಬ್ಲೂಸಿನಲ್ಲೂ ಮೊದಲ ಸಾಲು ಎರಡು ಸಲ ಬರುತ್ತದೆಂದು ನನಗೆ ಆಗ ಹೊಳೆಯಿತು. ಕಾನ್ವೆಂಟಿನ ಪ್ರಾರ್ಥನೆಯಲ್ಲಿ ಹಿಂದೆ ನಿಂತು, ಮುಂದಿನವರು ಹಾಡಿದ್ದನ್ನೇ ತಿರುಗಿ ಹಾಡಿದವಳು ನಾನು. ಇದು ನನಗೆ ಬರುತ್ತಿತ್ತು.

ಮರುದಿನ ಸೆರಗು ಸಿಕ್ಕಿಸಿ ವೇದಿಕೆಯ ಮೇಲೆ ಅವಳ ಪಕ್ಕ ನಿಂತೆ. ಪ್ರತಿ ಓಟದ ಕೊನೆಯ ಸಾಲನ್ನು ನಾನು ತಿರುಗಿ ಹಾಡಿದೆ, ಅವಳು ಉಸಿರೆಳೆದುಕೊಂಡಳು. ಹಾಡು ಮುಗಿದಾಗ ನಗುವಷ್ಟು ಉಸಿರು ಅವಳಲ್ಲಿ ಇನ್ನೂ ಉಳಿದಿತ್ತು.